ವಾದ್ಯಕ್ಕೊಂದು ಪಟ್ಟಿ

ನಮ್ಮ ಮನೆಯ ಅಟ್ಟದ ಮೇಲೆ ಇಪ್ಪತ್ತು ವರ್ಷಗಳಿಗೂ ಮೀರಿ ಒಂದು ಗಿಟಾರು ಹಳೆಯ ಜಮಖಾನೆಯಲ್ಲಿ ಸುತ್ತಿಕೊಂಡು ಮಲಗಿತ್ತು. ಅದನ್ನು ತಂದವನು ನಮ್ಮ ಕಿರಿಯ ಮಗ. 1996ರಲ್ಲಿ ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿದ ಹೊಸತರಲ್ಲಿ, ಮೊದಲ ಸಂಬಳದಲ್ಲಿ ತಾಯಿಗೊಂದು ಸೀರೆ, ತಂದೆಗೊಂದು ಜೊತೆ ಪಂಚೆ ಕೊಂಡು, ಉಳಿದ ಹಣಕ್ಕೆ ಕಲ್ಕತ್ತೆಯಲ್ಲಿ ತಯಾರಾದ ಈ ವಾದ್ಯವನ್ನು ಹೊತ್ತು ರೈಲಿನಲ್ಲಿ ಊರಿಗೆ ಬಂದಿದ್ದನು. ವಿದುರಾಶ್ವತ್ಥದ ಸಮೀಪದ ನಮ್ಮ ಹಳ್ಳಿಯಲ್ಲಿ ತಂಬೂರಿ, ಹಾರ್ಮೋನಿಯಂ, ತಬಲ, ತಾಳಗಳನ್ನು ಕಂಡವರಿದ್ದರೇ ಹೊರತು ಗಿಟಾರನ್ನು ಕೈಯಲ್ಲಿ ಮುಟ್ಟಿ ನೋಡಿದವರು ಯಾರೂ ಇರಲಿಲ್ಲ. ಅಂದು ಸಂಜೆ ನಮ್ಮ ಜಗಲಿಯ ಮೇಲೆ ಅರ್ಧ ಊರೇ ಸೇರಿತ್ತು. 2003ರಲ್ಲಿ ಊರಿಗೆ ಬರುವ ದಾರಿಯಲ್ಲಿ ನಡೆದ ಒಂದು ಅಪಘಾತದಲ್ಲಿ ಆ ಮಗ ನಮ್ಮನ್ನು ಅಗಲಿದನು. ಅವನ ಸ್ನೇಹಿತನೊಬ್ಬನು ಕೊಠಡಿಯ ಸಾಮಾನುಗಳ ಜೊತೆ ಗಿಟಾರನ್ನೂ ತಂದೊಪ್ಪಿಸಿ, ಅದರ ತಂತಿಗಳನ್ನೆಲ್ಲ ಸಡಿಲಿಸಿ, "ಬಿಗಿದಿಟ್ಟರೆ ಕತ್ತು ಬಾಗುತ್ತದಮ್ಮಾ" ಎಂದು ಹೇಳಿ ಹೋದನು. ಅಂದು ಮೇಲೇರಿದ ವಾದ್ಯವನ್ನು ಮತ್ತೆ ಇಳಿಸುವ ಧೈರ್ಯ ನಮಗೆ ಬರಲಿಲ್ಲ.

ಈ ಬರಹದಲ್ಲಿ ನಾವು ಎಂದರೆ ಗಂಡ ಹೆಂಡಿರಿಬ್ಬರೂ. ಬರೆಯುವ ಕೈ ಒಂದಾದರೂ ನೆನಪು ಇಬ್ಬರದು. ಉಪಾಧ್ಯಾಯ ವೃತ್ತಿಯಿಂದ ನಿವೃತ್ತರಾದ ಮೇಲೆ ನಾವು ಊರಿನಲ್ಲೇ ನೆಲೆಸಿದ್ದೇವೆ. ಹಿರಿಯ ಮಗನ ಮಗಳು ಗೌರಿಬಿದನೂರಿನಲ್ಲಿ ಪಿ.ಯು.ಸಿ. ಓದಲೆಂದು ನಮ್ಮ ಮನೆಗೆ ಬಂದು ಸೇರಿದ ಮೇಲೆಯೇ ಅಟ್ಟಕ್ಕೆ ಏಣಿ ಹತ್ತಿದ್ದು. ಹಳೆಯ ಪುಸ್ತಕ ಹುಡುಕಲು ಹೋದ ಹುಡುಗಿ ಜಮಖಾನೆಯ ಗಂಟನ್ನು ಬಿಚ್ಚಿ, "ತಾತ, ಇದು ಚಿಕ್ಕಪ್ಪನದಾ? ನಾನು ಕಲೀಲಾ?" ಎಂದು ಕೇಳಿದಳು. ಇಲ್ಲವೆನ್ನಲು ನಮಗೆ ಕಾರಣ ದೊರೆಯಲಿಲ್ಲ. ಹೊಸ ತಂತಿಗಳು ಬಂದವು. ಆರು ತಿಂಗಳೊಳಗೆ ಅವಳ ಬೆರಳುಗಳ ತುದಿ ಗಡುಸಾಗಿ, ನಾಲ್ಕಾರು ಹಾಡುಗಳಿಗೆ ಜೊತೆ ನುಡಿಸುವಷ್ಟು ಪಳಗಿದಳು. ಗಿಟಾರಿನ ಚೀಲದ ಜೇಬಿನಲ್ಲಿ ಒಂದು ಬೆಂಕಿಪೊಟ್ಟಣವಿತ್ತು. ಅದರೊಳಗೆ ಹಿತ್ತಾಳೆಯ ಒಂದು ಚಿಕ್ಕ ಗುಬುಟು. ಯಾವುದೋ ಪೆಟ್ಟಿಗೆಯ ಹಿಡಿಕೆಯಿರಬೇಕೆಂದು ಭಾವಿಸಿ ಅದನ್ನು ಅಲ್ಲಿಯೇ ಇರಿಸಿದೆವು.

ಏಪ್ರಿಲ್ ತಿಂಗಳು ಸಮೀಪಿಸಿದಾಗ ಅವಳೂ ಅವಳ ಮೂವರು ಗೆಳತಿಯರೂ ಒಂದು ಸಂಕಲ್ಪ ಮಾಡಿದರು. ವಿದುರಾಶ್ವತ್ಥದ ಹೆಸರನ್ನು ಬಲ್ಲವರೆಲ್ಲರೂ ಏಪ್ರಿಲ್ 25ನ್ನು ಬಲ್ಲರು. 1938ರಲ್ಲಿ ಮದ್ದೂರಿನ ಬಳಿಯ ಶಿವಪುರದಲ್ಲಿ ಧ್ವಜ ಸತ್ಯಾಗ್ರಹ ನಡೆದ ಹದಿನೈದು ದಿನಗಳೊಳಗೆ, ಅದೇ ಬಾವುಟಕ್ಕಾಗಿ ಇಲ್ಲಿ ನೆರೆದಿದ್ದ ನಿರಾಯುಧರಾದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದ ದಿನವದು. ಸತ್ತವರು ಹತ್ತು ಜನರೆಂದು ಸರ್ಕಾರ ಹೇಳಿತು. ಮೂವತ್ತಕ್ಕೂ ಮಿಕ್ಕಿದ್ದರೆಂದು ಜನ ಹೇಳುತ್ತ ಬಂದಿದ್ದಾರೆ. ಕರ್ನಾಟಕದ ಜಲಿಯನ್‌ವಾಲಾಬಾಗ್ ಎಂದು ಈ ಊರಿಗೆ ಹೆಸರಾದದ್ದು ಆ ರಕ್ತದಿಂದ. ಆ ದಿನ ಹುತಾತ್ಮರ ಸ್ಮಾರಕದ ಬಳಿ ನಾಲ್ವರೂ ಸೇರಿ ಒಂದು ದೇಶಭಕ್ತಿಗೀತೆಯನ್ನೂ ಒಂದು ತತ್ತ್ವಪದವನ್ನೂ ಹಾಡಬೇಕೆಂಬುದು ಹುಡುಗಿಯರ ಆಸೆ. "ಹುತಾತ್ಮರ ಎದುರಿಗೆ ಕುರ್ಚಿ ಹಾಕ್ಕೊಂಡು ಕೂತು ಹಾಡೋದು ಚೆನ್ನಾಗಿರೋಲ್ಲ ಅಜ್ಜಿ. ನಿಂತೇ ಹಾಡಬೇಕು" ಎಂದಳು ಮೊಮ್ಮಗಳು. ಮಾತು ನ್ಯಾಯವಾಗಿತ್ತು. ಆದರೆ ನಿಂತು ನುಡಿಸಬೇಕಾದರೆ ಗಿಟಾರು ಕೊರಳಿನಿಂದ ತೂಗಬೇಕು. ತೂಗಬೇಕಾದರೆ ಪಟ್ಟಿ ಬೇಕು. ಪಟ್ಟಿಗೆ ಎರಡು ಕಡೆ ಆಸರೆ ಬೇಕು. ನಮ್ಮ ಗಿಟಾರಿಗೆ ಇದ್ದದ್ದು ಬುಡದಲ್ಲಿ ಒಂದೇ ಗುಬುಟು. ಎರಡನೆಯ ತುದಿಯನ್ನು ಎಲ್ಲಿ ಕಟ್ಟುವುದು?

ಓದುಗ ಬಂಧುಗಳಿಗೆ ಇದು ಅತ್ಯಲ್ಪ ಪ್ರಶ್ನೆಯಾಗಿ ತೋರಬಹುದು. ನಮಗೂ ಮೊದಲು ಹಾಗೆಯೇ ತೋರಿತ್ತು. ವಿಚಾರಿಸುತ್ತ ಹೋದಂತೆ ಅದರಲ್ಲಿಯೂ ಒಂದು ಶಾಸ್ತ್ರವಿದೆಯೆಂಬುದನ್ನು ಮನಗಂಡೆವು.

ಗಿಟಾರು ಮೂಲತಃ ಕುಳಿತು ನುಡಿಸಲು ರೂಪುಗೊಂಡ ವಾದ್ಯ. ಹತ್ತೊಂಬತ್ತನೆಯ ಶತಮಾನದಲ್ಲಿ ಸ್ಪೇನ್ ದೇಶದ ಅಂತೋನಿಯೊ ದೆ ತೋರೆಸ್ ಎಂಬ ಕುಶಲಕರ್ಮಿ ಅದಕ್ಕೆ ಇಂದಿನ ಆಕಾರವನ್ನು ಕೊಟ್ಟನು. ಆ ಸಂಪ್ರದಾಯದವರು ಇಂದಿಗೂ ಎಡಗಾಲನ್ನು ಒಂದು ಚಿಕ್ಕ ಪೀಠದ ಮೇಲಿರಿಸಿ, ತೊಡೆಯ ಮೇಲೆ ವಾದ್ಯವನ್ನಿಟ್ಟು ನುಡಿಸುತ್ತಾರೆ. ಅವರ ವಾದ್ಯಗಳಿಗೆ ಸಾಮಾನ್ಯವಾಗಿ ಒಂದು ಗುಬುಟೂ ಇರುವುದಿಲ್ಲ. ನಮ್ಮ ದೇಶದಲ್ಲಿ ಬ್ರಿಜ್‌ಭೂಷಣ್ ಕಾಬ್ರಾ ಅವರೂ, 1994ರಲ್ಲಿ ಗ್ರ್ಯಾಮಿ ಪ್ರಶಸ್ತಿ ಪಡೆದ ವಿಶ್ವಮೋಹನ ಭಟ್ಟರೂ ಗಿಟಾರನ್ನು ತೊಡೆಯ ಮೇಲೆ ಅಡ್ಡಲಾಗಿ ಮಲಗಿಸಿ ಹಿಂದೂಸ್ತಾನಿ ರಾಗಗಳನ್ನು ನುಡಿಸಿದವರು. ಅಲ್ಲಿಯೂ ಪಟ್ಟಿಯ ಮಾತಿಲ್ಲ. ನಿಂತು, ಹಾಡುತ್ತ ನುಡಿಸುವವರಿಗೆ ಮಾತ್ರವೇ ಈ ಚಿಂತೆ.

ಹಾಗೆ ನೋಡಿದರೆ ನಿಂತು ಹಾಡುವವರ ಚಿಂತೆ ನಮ್ಮ ಸೀಮೆಗೆ ಹೊಸತೇನೂ ಅಲ್ಲ. ಕೈವಾರದ ತಾತಯ್ಯನವರ ತತ್ತ್ವಪದಗಳನ್ನು ಹಾಡುತ್ತ ಊರಿಂದೂರಿಗೆ ನಡೆಯುವ ಭಜನೆಯವರು ತಂಬೂರಿಯನ್ನು ಹೆಗಲಿಗೇರಿಸಿಕೊಂಡೇ ಬರುತ್ತಿದ್ದರು. ಕತ್ತಿಗೊಂದು, ಬುರುಡೆಯ ಕಡೆಗೊಂದು ಎಂದು ಎರಡು ಕಡೆ ಗಂಟು ಹಾಕಿದ ಬಟ್ಟೆಯ ಪಟ್ಟಿ ಅವರ ಬೆನ್ನ ಮೇಲಿರುತ್ತಿತ್ತು. ಡೊಳ್ಳಿನವರ ಕೊರಳಲ್ಲಿ ಪಟ್ಟಿಯಿದೆ. ಭಜನೆಯ ಮೆರವಣಿಗೆಯಲ್ಲಿ ಹಾರ್ಮೋನಿಯಂ ಹೊರುವವನ ಕೊರಳಲ್ಲಿಯೂ ಪಟ್ಟಿಯಿದೆ. ಯಾವ ವಾದ್ಯವನ್ನು ನೋಡಿದರೂ ಎರಡು ಕಡೆ ಆಸರೆ. ಒಂದೇ ಕಡೆ ತೂಗಿದ್ದು ಹೊರಳುತ್ತದೆ. ನಮ್ಮ ಕೊರಳಿನಲ್ಲಿ ಇಷ್ಟಲಿಂಗವನ್ನು ಧರಿಸುವ ಕರಡಿಗೆಗೂ ಎರಡು ಕಡೆ ಕಿವಿಗಳಿವೆಯಲ್ಲವೆ? ಶಿವದಾರವು ಎರಡೂ ಕಿವಿಗಳನ್ನು ಹಿಡಿದಿರುವುದರಿಂದಲೇ ಅದು ಎದೆಯ ಮೇಲೆ ನೆಟ್ಟಗೆ ನಿಲ್ಲುತ್ತದೆ. ಹಿರಿಯರು ಇದನ್ನು ಯಾವ ಗ್ರಂಥದಿಂದಲೂ ಕಲಿತವರಲ್ಲ.

ಇನ್ನು ಗಿಟಾರಿನ ಎರಡನೆಯ ಆಸರೆಗೆ ಮುಖ್ಯವಾಗಿ ಎರಡು ದಾರಿಗಳು. ಮೊದಲನೆಯದು ತಲೆಯ ದಾರಿ. ಬಿರಡೆಗಳಿರುವ ತಲೆಯ ಭಾಗದಲ್ಲಿ, ತಂತಿಗಳು ಹಾದು ಬರುವ ಎಲುಬಿನ ಪಟ್ಟಿಯ ಮೇಲ್ಗಡೆ, ತಂತಿಗಳ ಅಡಿಯಲ್ಲಿ ಒಂದು ಹುರಿಯನ್ನು ತೂರಿಸಿ ಪಟ್ಟಿಯ ತುದಿಗೆ ಕಟ್ಟುವುದು. ಇದರಿಂದ ವಾದ್ಯಕ್ಕೆ ಯಾವ ಗಾಯವೂ ಇಲ್ಲ, ಬೇಡವೆಂದರೆ ಬಿಚ್ಚಿಡಬಹುದು. ಆದರೆ ಪಟ್ಟಿಯು ಕತ್ತಿನ ಪೂರ್ತಿ ಉದ್ದಕ್ಕೂ ಹಾದು ಹೋಗುವುದರಿಂದ ಎಡಗೈಗೆ ಆಗಾಗ ತಗಲುತ್ತದೆ. ಎರಡನೆಯದು ಹಿಮ್ಮಡಿಯ ದಾರಿ. ಕತ್ತು ಒಡಲನ್ನು ಸೇರುವಲ್ಲಿ ಹಿಂಬದಿಗೆ ಕಾಲಿನ ಹಿಮ್ಮಡಿಯಂತೆ ದಪ್ಪನಾದ ಮರದ ತುಂಡಿರುತ್ತದೆ. ಅದಕ್ಕೊಂದು ಗುಬುಟನ್ನು ಸ್ಕ್ರೂ ಹಾಕಿ ಕೂರಿಸಿದರೆ ಪಟ್ಟಿ ಗಿಡ್ಡವಾಗುತ್ತದೆ, ಎಡಗೈ ಸ್ವತಂತ್ರವಾಗುತ್ತದೆ, ಕೊರಳಿಗೆ ಹಾಕುವುದೂ ತೆಗೆಯುವುದೂ ಸುಲಭ. ಆದರೆ ಅದಕ್ಕೆ ಮರಕ್ಕೆ ರಂಧ್ರ ಕೊರೆಯಬೇಕು. ಕೊರೆದ ರಂಧ್ರ ಮತ್ತೆ ಕೂಡಿಕೊಳ್ಳುವುದಿಲ್ಲ. ಪಟ್ಟಿಯ ಕೊಂಡಿಯನ್ನು ನಾದರಂಧ್ರದ ಅಂಚಿಗೆ ಸಿಕ್ಕಿಸುವ ಮೂರನೆಯ ವಿಧಾನವೂ ಉಂಟು. ಆದರೆ ಕೈ ಬಿಟ್ಟರೆ ವಾದ್ಯ ಮುಂದಕ್ಕೆ ಮಗುಚುವ ಭಯವಿರುವುದರಿಂದ ಅದು ನಮ್ಮ ಲೆಕ್ಕಕ್ಕೆ ಬರಲಿಲ್ಲ.

ಮೊಮ್ಮಗಳು ಹಿಮ್ಮಡಿಯ ದಾರಿಯನ್ನೇ ಬಯಸಿದಳು. ಅವಳಿಗೆ ಕಲಿಸುವವರೂ ಅದನ್ನೇ ಹೇಳಿದ್ದರಂತೆ. ಆದರೆ ರಂಧ್ರವೆಂಬ ಮಾತು ಕಿವಿಗೆ ಬಿದ್ದೊಡನೆ ನಮ್ಮಿಬ್ಬರಲ್ಲಿ ಅಜ್ಜಿಯಾದವರು ಒಲೆಯ ಮುಂದಿನಿಂದಲೇ, "ಅವನ ವಸ್ತುವಿಗೆ ಯಾರೂ ಮೊಳೆ ಹೊಡೆಯಕೂಡದು" ಎಂದರು. ಆ ಮಾತಿನ ಮೇಲೆ ಮಾತಿಲ್ಲ. ಹುಡುಗಿ ತಲೆ ತಗ್ಗಿಸಿ ಹೋದಳು. ತಾತನಾದವರು ಸಂಧಾನ ಮಾಡಹೊರಟು, ತಲೆಗೆ ಕಟ್ಟಿದರಾಯಿತೆಂದು, ಮನೆಯಲ್ಲಿ ಬಿದ್ದಿದ್ದ ಬೂಟಿನ ನೈಲಾನ್ ಲೇಸನ್ನು ತಂತಿಗಳ ಅಡಿ ತೂರಿಸಿ ತಾವೇ ಗಂಟು ಹಾಕಿದರು. ಎರಡು ಸಲ ಎಳೆದು ನೋಡಿ, "ಆನೆ ಕಟ್ಟಿದರೂ ಬಿಚ್ಚೋದಿಲ್ಲ" ಎಂದು ಜಂಬವನ್ನೂ ಕೊಚ್ಚಿದರು.

ಮೂರನೆಯ ದಿನ ಅಭ್ಯಾಸದ ನಡುವೆ ಗಂಟು ಜಾರಿತು. ನೈಲಾನ್ ನುಣುಪಾದ ಹುರಿ. ಹತ್ತಿಯ ದಾರದಂತೆ ಅದರ ಎಳೆಗಳು ಒಂದನ್ನೊಂದು ಕಚ್ಚಿಕೊಳ್ಳುವುದಿಲ್ಲ. ಪ್ರತಿಯೊಂದು ಅಲುಗಾಟಕ್ಕೂ ಕೂದಲೆಳೆಯಷ್ಟು ಸಡಿಲಾಗುತ್ತ ಬಂದ ಗಂಟು ಒಮ್ಮೆಲೇ ಕೈಕೊಟ್ಟಿತು. ಗಿಟಾರಿನ ತಲೆ ಕೆಳಗಾಗಿ, ಹುಡುಗಿ ಅದನ್ನು ಹಿಡಿಯಲು ಬಾಗಿದಾಗ ಬುಡದ ಕಡೆಯೂ ಪಟ್ಟಿಯಿಂದ ಕಳಚಿ, ವಾದ್ಯವು ಪಡಸಾಲೆಯ ಕಲ್ಲುಚಪ್ಪಡಿಗೆ ಬಿತ್ತು. ಆ ಸದ್ದು ಅಡುಗೆಮನೆಯವರೆಗೂ ಕೇಳಿಸಿತು. ಒಡಲಿನ ಪಕ್ಕದ ಹಲಗೆಯಲ್ಲಿ ಗೇಣುದ್ದದ ಬಿರುಕು. ಹುಡುಗಿ ಅಳಲಿಲ್ಲ. "ಚಿಕ್ಕಪ್ಪನ ಗಿಟಾರು ಒಡೆದುಬಿಟ್ಟೆ ತಾತ" ಎಂದಷ್ಟೇ ಹೇಳಿ, ಜಮಖಾನೆಯನ್ನು ತಂದು, ಹಿಂದೆ ಇದ್ದಂತೆಯೇ ಸುತ್ತಿ, ತಾನೇ ಏಣಿ ಹತ್ತಿ ಅಟ್ಟದ ಮೇಲಿರಿಸಿ ಬಂದಳು. ಗಂಟು ಹಾಕಿದ್ದು ತಾತನೆಂದು ಎಷ್ಟು ಹೇಳಿದರೂ ಕೇಳಲಿಲ್ಲ. ಗೆಳತಿಯರು ಬಂದಾಗ ತನಗೆ ಪರೀಕ್ಷೆಯ ಓದಿದೆಯೆಂದು ಹೇಳಿ ಕಳುಹಿಸಿದಳು.

ಮನೆಯು ಮೊದಲಿನಂತಾಯಿತು. ಇಪ್ಪತ್ತು ವರ್ಷಗಳಿಂದ ನಮಗೆ ಒಗ್ಗಿಹೋಗಿದ್ದ ಮೌನವೇ ಅದು. ಆದರೆ ಆರು ತಿಂಗಳು ತಂತಿಯ ನಾದ ಕೇಳಿದ ಕಿವಿಗಳಿಗೆ ಆ ಮೌನವನ್ನು ಮತ್ತೆ ಸಹಿಸಲಾಗಲಿಲ್ಲ. ಒಂದು ವಾರ ಕಳೆದಿರಬಹುದು. ಬೆಳಗಿನ ಪೂಜೆ ಮುಗಿಸಿ ಶಿವದಾರವನ್ನು ಬದಲಾಯಿಸುತ್ತಿದ್ದ ಅಜ್ಜಿಯವರು ಹೊಸ ದಾರದ ಗಂಟನ್ನು ನೀರಿನಲ್ಲಿ ಅದ್ದಿ ಬಿಗಿದು, ಎಂದಿನಂತೆ ಎಳೆದೆಳೆದು ಪರೀಕ್ಷಿಸಿ, ಸ್ವಲ್ಪ ಹೊತ್ತು ಸುಮ್ಮನಿದ್ದು, "ಏನ್ರೀ, ನಾವು ಆ ಮಗುವಿಗೆ ಗಂಟು ಹಾಕೋದನ್ನೂ ಕಲಿಸಲಿಲ್ಲ, ಮೊಳೆ ಹೊಡೆಯೋಕೂ ಬಿಡಲಿಲ್ಲ. ಬೀಳಲಿ ಅಂತಲೇ ಬಿಟ್ಟ ಹಾಗಾಯಿತಲ್ಲ" ಎಂದರು. ಅಂದು ಮಧ್ಯಾಹ್ನ ಏಣಿ ಹಾಕಿಸಿ ಗಿಟಾರನ್ನು ಇಳಿಸಿದವರು ಅವರೇ.

ಗೌರಿಬಿದನೂರಿನಲ್ಲಿ ಹಾರ್ಮೋನಿಯಂ, ತಂಬೂರಿಗಳನ್ನು ರಿಪೇರಿ ಮಾಡುವ ವಯಸ್ಸಾದ ಆಚಾರಿಯೊಬ್ಬರಿದ್ದಾರೆ. ನಮ್ಮೂರಿನ ಭಜನೆ ಮನೆಯ ಹಾರ್ಮೋನಿಯಂ ಅವರ ಕೈಯಲ್ಲೇ ಎರಡು ಸಲ ಮರುಜನ್ಮ ಪಡೆದಿದೆ. ಹುಡುಗಿಯನ್ನೂ ಕರೆದುಕೊಂಡು ಮೂವರೂ ಹೋದೆವು. ಆಚಾರಿಯವರು ಕನ್ನಡಕವನ್ನು ಹಣೆಗೇರಿಸಿ, ಬಿರುಕಿನ ಮೇಲೆ ಉಗುರಾಡಿಸಿ, "ಇದು ಮೇಲಿನ ಗಾಯ ಮೇಷ್ಟ್ರೇ. ಒಳಗಿನ ಪಟ್ಟಿಗಳು ಕೂತಲ್ಲೇ ಕೂತಿವೆ. ಅಂಟು ಬಿಟ್ಟು ಒಂದು ದಿನ ಹಿಡಿಕೆ ಹಾಕಿಟ್ಟರೆ ಕೂಡ್ಕೊಳ್ಳತ್ತೆ" ಎಂದರು. ಹುಡುಗಿಯ ಮುಖದಲ್ಲಿ ವಾರದ ಮೇಲೆ ಬೆಳಕು ಕಂಡಿತು.

ಪಟ್ಟಿಯ ಪ್ರಶ್ನೆಯನ್ನು ಮುಂದಿಟ್ಟೆವು. ತಲೆಗೆ ಕಟ್ಟಿದರೆ ಕತ್ತು ಬಾಗುವುದೆಂದು ಯಾರೋ ಹೆದರಿಸಿದ್ದನ್ನೂ ಹೇಳಿದೆವು. ಆಚಾರಿಯವರು ನಕ್ಕರು. "ಈ ಪೆಟ್ಟಿಗೆಯ ತೂಕ ಎರಡು ಕೆ.ಜಿ. ಆದೀತು. ಈ ಆರು ಉಕ್ಕಿನ ತಂತಿ ಹಗಲೂ ರಾತ್ರಿ ಕತ್ತನ್ನ ಎಳೀತಿರೋದು ಎಷ್ಟು ಗೊತ್ತೇ? ಹತ್ರ ಹತ್ರ ಎಪ್ಪತ್ತು ಕೆ.ಜಿ. ಅದನ್ನ ತಡೆಯೋ ಕತ್ತು ಎರಡು ಕೆ.ಜಿ.ಗೆ ಬಾಗತ್ತಾ? ತಲೆಗೆ ಕಟ್ಟೋದು ತಪ್ಪಲ್ಲ. ನೀವು ಕಟ್ಟಿದ ದಾರ ತಪ್ಪು, ಗಂಟು ತಪ್ಪು" ಎಂದರು. ಉಪಾಧ್ಯಾಯರಾಗಿ ಮೂವತ್ತು ವರ್ಷ ಬೇರೆಯವರ ತಪ್ಪು ತಿದ್ದಿದ ನಾವು ಅಂದು ವಿದ್ಯಾರ್ಥಿಗಳಂತೆ ತಲೆಯಾಡಿಸಿದೆವು.

ಅನಂತರ ಅವರು ಗಿಟಾರನ್ನು ಮಗುಚಿ, ಹಿಮ್ಮಡಿಯನ್ನು ಬೆಳಕಿಗೆ ಹಿಡಿದು, "ಇಲ್ಲಿ ಯಾರೋ ಮೊದಲೇ ಗುರುತು ಹಾಕಿದಾರಲ್ಲ" ಎಂದರು.

ನಾವು ಬಾಗಿ ನೋಡಿದೆವು. ಹಿಮ್ಮಡಿಯ ಪಕ್ಕದಲ್ಲಿ, ಬಣ್ಣದ ಮೇಲೆ ಸೂಜಿಯ ಮೊನೆಯಿಂದ ಚುಚ್ಚಿದಂತೆ ಒಂದು ಚುಕ್ಕೆ. ಅದರ ಸುತ್ತ ಪೆನ್ಸಿಲಿನ ಮಾಸಿದ ಒಂದು ವೃತ್ತ. ಇಷ್ಟು ವರ್ಷ ಅದು ನಮ್ಮ ಕಣ್ಣಿಗೆ ಬಿದ್ದಿರಲಿಲ್ಲ. ಮೊಮ್ಮಗಳು ಥಟ್ಟನೆ ಚೀಲದ ಜೇಬಿಗೆ ಕೈಹಾಕಿ ಬೆಂಕಿಪೊಟ್ಟಣವನ್ನು ತೆಗೆದು ಹಿತ್ತಾಳೆಯ ಗುಬುಟನ್ನು ಆಚಾರಿಯವರ ಅಂಗೈಯಲ್ಲಿಟ್ಟಳು. "ಇದೇ! ಪಟ್ಟಿಯ ಗುಬುಟೇ ಇದು. ಸ್ಕ್ರೂ ಮಾತ್ರ ಇಲ್ಲ" ಎಂದರು ಅವರು.

ಅಂಗಡಿಯಲ್ಲಿ ಕೆಲಹೊತ್ತು ಯಾರೂ ಮಾತನಾಡಲಿಲ್ಲ. ನಮ್ಮ ಮಗನೂ ಎದ್ದು ನಿಂತು ಹಾಡಬೇಕೆಂದಿದ್ದನು. ಗುಬುಟನ್ನು ಕೊಂಡು, ಗುರುತು ಹಾಕಿ, ರಂಧ್ರ ಕೊರೆಯಲು ಧೈರ್ಯ ಸಾಲದೆಯೋ ಬಿಡುವು ದೊರೆಯದೆಯೋ ಅಷ್ಟಕ್ಕೇ ನಿಲ್ಲಿಸಿದ್ದನು. ಅವನ ವಸ್ತುವನ್ನು ಅವನಿದ್ದಂತೆಯೇ ಕಾಪಾಡುತ್ತಿದ್ದೇವೆಂದು ಭಾವಿಸಿ ಅವನು ಅರ್ಧಕ್ಕೆ ಬಿಟ್ಟ ಕೆಲಸವನ್ನು ಅರ್ಧದಲ್ಲಿಯೇ ಬಂಧಿಸಿಟ್ಟಿದ್ದೆವು. ಅಜ್ಜಿಯವರು ಆ ಚುಕ್ಕೆಯ ಮೇಲೆ ಬೆರಳಿಟ್ಟು, "ಅವನೇ ಹೇಳಿ ಹೋಗಿದ್ದಾನೆ. ಕೊರೆಯಿರಿ ಆಚಾರ್ರೇ" ಎಂದರು.

ಆಚಾರಿಯವರು ಒಡನೆ ಕೊರೆಯಲಿಲ್ಲ. ಇದನ್ನು ನಾವು ವಿಶೇಷವಾಗಿ ಬರೆಯಬೇಕು. ತೆಳುವಾದ ಸೂಜಿಯೊಂದರಿಂದ ಹಿಮ್ಮಡಿಯ ಜೋಡಣೆಯ ಗೆರೆಯನ್ನು ಸುತ್ತಲೂ ಮುಟ್ಟಿ ನೋಡಿದರು. ಅಂಟು ಎಲ್ಲಿಯಾದರೂ ಬಿಟ್ಟಿದೆಯೇ, ಕತ್ತನ್ನು ಅಂಟಿನಿಂದ ಕೂರಿಸಿದ್ದಾರೆಯೋ ಒಳಗಿನಿಂದ ಬೋಲ್ಟು ಹಾಕಿದ್ದಾರೆಯೋ ಎಂದು ನಾದರಂಧ್ರದೊಳಗೆ ಚಿಕ್ಕ ಕನ್ನಡಿಯನ್ನು ತೂರಿಸಿ ನೋಡಿದರು. ಬೋಲ್ಟಿರುವೆಡೆ ಕೊರೆದರೆ ಸ್ಕ್ರೂ ಕಬ್ಬಿಣಕ್ಕೆ ತಾಗಿ ಎರಡೂ ಕೆಡುತ್ತವೆಯಂತೆ. ಎಲ್ಲವನ್ನೂ ನೋಡಿದ ಮೇಲೆ, "ಅಮ್ಮಾ, ನಿಮ್ಮ ಮಗ ಗುರುತು ಹಾಕಿರೋ ಜಾಗ ಅಂಚಿಗೆ ತೀರಾ ಹತ್ರ ಆಯಿತು. ಅಲ್ಲಿ ಕೊರೆದರೆ ಇವತ್ತಲ್ಲ ನಾಳೆ ಮರ ಸೀಳತ್ತೆ. ಅರ್ಧ ಅಂಗುಲ ಒಳಕ್ಕೆ ಸರಿಸಬೇಕು. ಏನು ಹೇಳ್ತೀರಿ?" ಎಂದು ಕೇಳಿದರು.

ಮಗನ ಗುರುತನ್ನು ಬಿಟ್ಟು ಬೇರೆಡೆ ಕೊರೆಯಬೇಕೆ? ಒಂದು ಕ್ಷಣ ನಮ್ಮಿಬ್ಬರ ಮನಸ್ಸೂ ತೊಳಲಿತು. ಉತ್ತರ ಹೇಳಿದವಳು ಮೊಮ್ಮಗಳು. "ಅಜ್ಜಿ, ಚಿಕ್ಕಪ್ಪ ಇದ್ದಿದ್ದರೆ ಆಚಾರ್ರ ಮಾತೇ ಕೇಳ್ತಿದ್ದರು" ಎಂದಳು. ತಾನು ಕಾಣದ ಚಿಕ್ಕಪ್ಪನ ಪರವಾಗಿ ಅವಳು ಅಷ್ಟು ನಿಶ್ಚಯದಿಂದ ನುಡಿದದ್ದನ್ನು ಕೇಳಿ ನಮಗೆ ಕಣ್ಣು ತುಂಬಿ ಬಂತು. ಅದೇ ಸರಿಯೆಂದೆವು. ಮಗನ ಚುಕ್ಕೆಯನ್ನು ಉಜ್ಜಿ ತೆಗೆಯಬಾರದೆಂದು ಮಾತ್ರ ಕೇಳಿಕೊಂಡೆವು.

ಕೊರೆಯುವ ಕೆಲಸ ಹತ್ತು ನಿಮಿಷದ್ದು. ಅಜ್ಜಿಯವರು ವಾದ್ಯದ ಒಡಲನ್ನು ತಮ್ಮ ಮಡಿಲಿಗೆ ಒರಗಿಸಿ ಹಿಡಿದುಕೊಂಡರು. ಆಚಾರಿಯವರು ವಿದ್ಯುತ್ ಯಂತ್ರವನ್ನು ಮುಟ್ಟದೆ ಕೈಯಿಂದ ತಿರುಗಿಸುವ ಬೈರಿಗೆಯನ್ನೇ ತೆಗೆದುಕೊಂಡರು. ಸ್ಕ್ರೂವಿನ ದಪ್ಪಕ್ಕಿಂತ ಸಣ್ಣದಾದ ಮೊನೆಯನ್ನು ಹಾಕಿ, ಎಷ್ಟು ಆಳವೆಂಬುದಕ್ಕೆ ಮೊನೆಯ ಮೇಲೆ ಅಂಟುಪಟ್ಟಿ ಸುತ್ತಿ ಗುರುತು ಮಾಡಿಕೊಂಡರು. ರಂಧ್ರ ದೊಡ್ಡದಾದರೆ ಸ್ಕ್ರೂ ಕಚ್ಚುವುದಿಲ್ಲ. ರಂಧ್ರವಿಲ್ಲದೆ ಒತ್ತಿದರೆ ಮರ ಸೀಳುತ್ತದೆ. ಸ್ಕ್ರೂವಿನ ಎಳೆಗಳಿಗೆ ಸೋಪು ಸವರಿ, ಗುಬುಟಿಗೂ ಮರಕ್ಕೂ ನಡುವೆ ಉಣ್ಣೆಯ ಬಟ್ಟೆಯ ಒಂದು ಬಿಲ್ಲೆಯನ್ನಿಟ್ಟು, ಮೆಲ್ಲಮೆಲ್ಲನೆ ತಿರುಗಿಸಿದರು. ಮರ ಒಮ್ಮೆ ಕಿರ್ರೆಂದಿತು. ಅಜ್ಜಿಯವರು ಕಣ್ಣು ಮುಚ್ಚಿಕೊಂಡರು. ಅಷ್ಟೇ. ಹಿತ್ತಾಳೆಯ ಗುಬುಟು ಕೂತಿತು. ಅದರಿಂದ ಅರ್ಧ ಅಂಗುಲದಾಚೆಗೆ ಪೆನ್ಸಿಲಿನ ಆ ಪುಟ್ಟ ವೃತ್ತವೂ ಉಳಿಯಿತು.

ಬುಡದ ಗುಬುಟು ಬರಿಯ ಒತ್ತಿ ಕೂರಿಸಿದ್ದಾಗಿ ಸಡಿಲಗೊಂಡಿತ್ತು. ಅಂದು ಎರಡನೆಯ ತುದಿಯೂ ಕಳಚಿದ್ದೇಕೆಂದು ಆಗ ತಿಳಿಯಿತು. ಅದನ್ನೂ ಬಿಗಿಪಡಿಸಿದರು. ಎರಡಂಗುಲ ಅಗಲದ ಹತ್ತಿಯ ಪಟ್ಟಿಯನ್ನು ಆರಿಸಿದೆವು. ಅಗಲ ಹೆಚ್ಚಿದಷ್ಟೂ ಭಾರವು ಹೆಗಲಿನ ಮೇಲೆ ಹರಡುತ್ತದೆ. ಅದರ ತುದಿಯ ತೊಗಲಿನ ಸೀಳು ಗುಬುಟಿಗೆ ಬಿಗಿಯಾಗಿ ಕೂರಬೇಕು, ಸುಲಭವಾಗಿ ಹಾಕಲು ಬಂದರೆ ಸುಲಭವಾಗಿಯೇ ಕಳಚುತ್ತದೆಂದು ಆಚಾರಿಯವರು ಎಚ್ಚರಿಸಿ, ಎರಡೂ ಗುಬುಟುಗಳ ಮೇಲೆ ರಬ್ಬರಿನ ವಾಷರುಗಳನ್ನು ಒತ್ತಿ ಕೊಟ್ಟರು. ಪಟ್ಟಿಯ ಉದ್ದಕ್ಕೂ ಒಂದು ಲೆಕ್ಕವಿದೆ. ಮೊದಲು ಕುಳಿತು ಪಟ್ಟಿಯನ್ನು ಹಾಕಿಕೊಂಡು, ಎದ್ದು ನಿಂತಾಗ ವಾದ್ಯವು ಕುಳಿತಿದ್ದಾಗಿನ ಎತ್ತರದಲ್ಲಿಯೇ ಉಳಿಯುವಂತೆ ಎಳೆದು ಕೂಡಿಸಬೇಕು. ಆಗ ಕೈಗಳು ಕಲಿತದ್ದನ್ನು ಮತ್ತೆ ಕಲಿಯಬೇಕಾಗಿಲ್ಲ. ಹೊಸದಾಗಿ ಕಲಿಯುವ ಮಕ್ಕಳಿರುವ ಮನೆಯವರು ಇದನ್ನು ನೆನಪಿಡುವುದು ಒಳ್ಳೆಯದು. ಕೂಲಿಯೆಂದು ಕೇಳಿದರೆ ಆಚಾರಿಯವರು ಅಂಟಿಗೂ ಸ್ಕ್ರೂವಿಗೂ ಮಾತ್ರ ಹಣ ತೆಗೆದುಕೊಂಡು, ಕೈಗೆಲಸಕ್ಕೆ ಬದಲಾಗಿ ತಮ್ಮ ಅಂಗಡಿಯಲ್ಲೇ ಒಂದು ಹಾಡು ಕೇಳಿದರು. ಮರುದಿನ ಬಿರುಕು ಕೂಡಿದ ಮೇಲೆ ಮೊಮ್ಮಗಳು ಆ ಸಾಲವನ್ನು ನಿಂತೇ ತೀರಿಸಿದಳು.

ಏಪ್ರಿಲ್ 25ರ ಬೆಳಿಗ್ಗೆ ನಾವು ವಿದುರಾಶ್ವತ್ಥಕ್ಕೆ ಹೋದೆವು. ಮಹಾಭಾರತದ ವಿದುರನು ನೆಟ್ಟನೆಂದು ಸ್ಥಳಪುರಾಣ ಹೇಳುವ ಅಶ್ವತ್ಥವೃಕ್ಷವು 2001ರಲ್ಲಿ ಉರುಳಿತು. ನಮ್ಮ ಮಗ ಆ ಮರದ ನೆರಳಿನಲ್ಲಿ ಆಡಿ ಬೆಳೆದವನು. ಮೊಮ್ಮಗಳು ಅದನ್ನು ಕಂಡವಳಲ್ಲ. ಸಂತಾನವನ್ನು ಬೇಡಿ, ಪಡೆದ ಸಂತಾನದ ಕ್ಷೇಮವನ್ನು ಬೇಡಿ, ತಲೆತಲಾಂತರದಿಂದ ಜನರು ಪ್ರತಿಷ್ಠೆ ಮಾಡಿದ ಸಾವಿರಾರು ನಾಗರಕಲ್ಲುಗಳು ಮಾತ್ರ ಸಾಲುಸಾಲಾಗಿ ಹಾಗೆಯೇ ನಿಂತಿವೆ. ಮರ ಹೋದರೂ ಜನ ಬರುವುದನ್ನು ಬಿಟ್ಟಿಲ್ಲ. ಅವುಗಳ ನಡುವೆ ನಡೆಯುವಾಗ, ಪ್ರತಿಯೊಂದು ಕಲ್ಲಿನ ಹಿಂದೆಯೂ ಒಬ್ಬ ತಾಯಿಯಿದ್ದಳೆಂಬ ಯೋಚನೆ ನಮಗೆ ಅಂದು ಬಂದಷ್ಟು ಎಂದೂ ಬಂದಿರಲಿಲ್ಲ.

ಸ್ಮಾರಕದ ಬಳಿ ಮೂವತ್ತು ನಲವತ್ತು ಜನ ನೆರೆದಿದ್ದರು. ನಾಲ್ವರು ಹುಡುಗಿಯರೂ ಸಾಲಾಗಿ ನಿಂತರು. ಮೊಮ್ಮಗಳು ಪಟ್ಟಿಯನ್ನು ಕೊರಳಿಗೆ ಹಾಕಿಕೊಂಡು, ಎರಡೂ ತುದಿಗಳನ್ನು ಒಮ್ಮೊಮ್ಮೆ ಎಳೆದು ನೋಡಿದಳು. ಬೆಳಗಿನ ಪೂಜೆಯಲ್ಲಿ ಶಿವದಾರವನ್ನು ಎಳೆದು ನೋಡುವ ಅಜ್ಜಿಯ ಕೈಯ ರೀತಿಯೇ ಅದು, ಹೇಳಿಕೊಡದೆಯೇ ಬಂದಿತ್ತು. ದೇಶಭಕ್ತಿಗೀತೆ ಚೆನ್ನಾಗಿತ್ತು. ತತ್ತ್ವಪದದಲ್ಲಿ ಗಿಟಾರು ತಂಬೂರಿಯಂತೆ ಎರಡೇ ಸ್ವರಗಳಲ್ಲಿ ಮಿಡಿಯುತ್ತಿದ್ದಾಗ, ಮುಂದಿನ ಸಾಲಿನಲ್ಲಿ ಕುಳಿತಿದ್ದ ಭಜನೆಯ ವೃದ್ಧರೊಬ್ಬರು ತಾವಾಗಿಯೇ ತಾಳ ಹಾಕತೊಡಗಿದರು. ನಡುವೆ ಒಂದು ಕಡೆ ಹುಡುಗಿ ಸ್ವರ ತಪ್ಪಿದಳು. ತಪ್ಪಿ, ನಕ್ಕು, ಮತ್ತೆ ಸೇರಿಕೊಂಡಳು.

ಅಗಲಿದವರ ವಸ್ತುಗಳನ್ನು ನಾವೆಲ್ಲರೂ ಜೋಪಾನ ಮಾಡುತ್ತೇವೆ. ತಪ್ಪಲ್ಲ. ಆದರೆ ಯಾವುದನ್ನು ಹಾಗೆಯೇ ಇಡಬೇಕು, ಯಾವುದನ್ನು ಮುಂದಿನವರ ಕೈಗೆ ಸರಿಹೊಂದುವಂತೆ ಮಾಡಿಕೊಡಬೇಕು ಎಂಬ ವಿವೇಕ ನಮಗೆ ತಡವಾಗಿ ಬಂತು. ಅದನ್ನು ತಂದುಕೊಟ್ಟದ್ದು ಅರ್ಧ ಅಂಗುಲದ ಒಂದು ರಂಧ್ರ. ಗಿಟಾರು ಈಗ ಅಟ್ಟದ ಮೇಲಿಲ್ಲ. ಪಡಸಾಲೆಯ ಗೋಡೆಯಲ್ಲಿ, ಮಗನ ಭಾವಚಿತ್ರದ ಪಕ್ಕದ ಗೂಟಕ್ಕೆ ತೂಗಿದೆ. ಕಾಲೇಜಿನಿಂದ ಬಂದ ಹುಡುಗಿ ಕೈಕಾಲು ತೊಳೆದು ಬಂದು ಅದನ್ನು ಇಳಿಸಿಕೊಳ್ಳುತ್ತಾಳೆ. ಬಿರುಕು ಕೂಡಿದ ಗೆರೆ ಹಾಗೆಯೇ ಕಾಣುತ್ತದೆ. ಸಂಜೆಯ ದೀಪ ಹಚ್ಚುವ ಹೊತ್ತಿಗೆ ಮನೆಯಲ್ಲಿ ನಾದವಿರುತ್ತದೆ.